ಬೈಟುವಿನ ಇನ್ನರ್ಧ

ನಮ್ಮ ಹೋಟೆಲಿನಲ್ಲಿ ಬೈಟು ಕಾಫಿ ಹೇಳಿದರೆ, ಕೌಂಟರಿನ ಸುಕನ್ಯಾ ಮೊದಲು ಕೇಳುವುದು, "ಇನ್ನರ್ಧ ಯಾವೂರಿಗೆ?" ಅರ್ಧ ಲೋಟ ಗಿರಾಕಿಯ ಕೈಗೆ, ಇನ್ನರ್ಧ ಗೋಡೆಯ ಸ್ಟೀಲ್ ಗೂಡಿಗೆ. ಬಾಗಿಲು ಮುಚ್ಚಿ ತೆಗೆಯುವಷ್ಟರಲ್ಲಿ ಅದು ಮಡಿಕೇರಿಯದೋ ಬೀದರಿನದೋ ಹೋಟೆಲಿನ ಗೂಡಿನಲ್ಲಿ ಹಬೆಯಾಡುತ್ತಿರುತ್ತದೆ. ಅಲ್ಲಿ ಯಾರೂ ಕುಡಿಯದಿದ್ದರೆ ಹಾಗೇ ವಾಪಸ್ ಬರುತ್ತದೆ.

ಅಡುಗೆಯವನಾದ ನಾನು ದಿನಾ ಬೆಳಿಗ್ಗೆ ನನ್ನ ಬೈಟುವಿನ ಅರ್ಧವನ್ನು ಹುಬ್ಬಳ್ಳಿಯ ಈರಣ್ಣನಿಗೆ ಕಳಿಸುತ್ತೇನೆ. ಹನ್ನೆರಡು ವರ್ಷ ಇದೇ ಒಲೆಯ ಮುಂದೆ ನನ್ನ ಜೊತೆ ನಿಂತವನು. ಒಂದು ದಿನ ನಾನು ಸಾಂಬಾರಿಗೆ ಬೆಲ್ಲ ಹಾಕಿದ್ದಕ್ಕೆ, "ಇದು ಸಾಂಬಾರಲ್ಲ, ಪಾಯಸ" ಎಂದ. ನಾನು ಸೌಟು ಎಸೆದೆ. ಅವನು ಊರಿಗೆ ಹೋಗಿ ತನ್ನದೇ ಹೋಟೆಲು ತೆರೆದ. ಅಂದಿನಿಂದ ನಲವತ್ತು ಸಲ ಕಳಿಸಿದ್ದೇನೆ, ನಲವತ್ತು ಸಲವೂ ಕಾಫಿ ಕೆನೆಗಟ್ಟಿ ವಾಪಸ್ ಬಂದಿದೆ.

ಇವತ್ತು ಲೋಟದ ಜೊತೆ ಒಂದು ಚೀಟಿಯೂ ಬಂತು. ಸುಕನ್ಯಾ ಮುಖ ಸಣ್ಣದು ಮಾಡಿಕೊಂಡಳು.

"ಐತಾಳರೇ, ಕಂಪ್ಲೇಂಟು."

"ಓದಮ್ಮಾ."

"'ಡಿಕಾಕ್ಷನ್ ನೀರ್ ನೀರ ಆಗೇತಿ. ಹನ್ನೆರಡು ವರ್ಷ ಕಲಿಸಿದ್ರೂ ಬರಲಿಲ್ಲೇನಪಾ ನಿನಗ?'"

ನಾನು ಲೋಟ ಇಸಿದುಕೊಂಡು ಬೋರಲು ಹಾಕಿ ನೋಡಿದೆ. ಒಂದು ಹನಿಯೂ ಬೀಳಲಿಲ್ಲ.

"ಬೇಜಾರು ಮಾಡ್ಕೋಬೇಡಿ. ಸ್ಟ್ರಾಂಗಾಗಿ ಇನ್ನೊಂದು ಕಳಿಸ್ಲಾ?" ಎಂದಳು ಸುಕನ್ಯಾ.

"ಬೇಡ್ವೇ ಬೇಡ," ಎಂದೆ. "ನಾಳೆ ಇನ್ನೂ ನೀರಾಗಿ ಕಳಿಸೋಣ."