ಪಕ್ಕದ ಖಾಲಿ ಆಕಾಶ

"ಜ್ವರ ಬಂದೈತೆ ಕಣವ್ವ, ಹೋಗಬ್ಯಾಡ," ಎಂದು ಅತ್ತೆ ಶಂಕ್ರಮ್ಮ ಮಲಗಿದಲ್ಲಿಂದಲೇ ರುದ್ರಾಣಿಯ ಸೆರಗು ಹಿಡಿದರು. ಹೋದ ವರ್ಷವೂ ಅವಳು ಹೊರಟ ದಿನವೇ ಅವರಿಗೆ ಜ್ವರ ಬಂದಿತ್ತು. ನಕ್ಷತ್ರಗಳ ಸಂಶೋಧನೆ ಮಾಡುವ ರುದ್ರಾಣಿಯ ಪಾಲಿಗೆ ವೀಕ್ಷಣಾಲಯದ ದೂರದರ್ಶಕ ಸಿಗುವುದು ವರ್ಷಕ್ಕೊಂದು ರಾತ್ರಿ, ಅದು ನಾಳೆ.

ರುದ್ರಾಣಿ ಅತ್ತೆಯ ಹಣೆ ಮುಟ್ಟಿದಳು, ಆಮೇಲೆ ತನ್ನದನ್ನು. ಒಂದನ್ನೊಂದು ಆತುಕೊಂಡ ಜೋಡಿ ನಕ್ಷತ್ರಗಳ ಧೂಳಿನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಅವಳು ಅಳೆಯುತ್ತಿದ್ದುದೂ ಹೀಗೆಯೇ: ಒಮ್ಮೆ ನಕ್ಷತ್ರ, ಒಮ್ಮೆ ಪಕ್ಕದ ಖಾಲಿ ಆಕಾಶ. ವ್ಯತ್ಯಾಸವೇ ಉತ್ತರ.

ಇಲ್ಲಿ ವ್ಯತ್ಯಾಸವೇ ಇರಲಿಲ್ಲ. "ಜ್ವರ ಇಲ್ಲ ಬಿಡ್ರಿ ಅತ್ತೆ," ಎಂದು ನಕ್ಕು ಚೀಲಕ್ಕೆ ಕೈಚಾಚಿದಳು.

ಚೀಲ ಕೊಡಲು ಬಂದ ಗಂಡ ಮಹೇಶ್ವರಪ್ಪ ಅವಳ ಬೆರಳು ತಾಗಿ ನಿಂತ. "ನಿನ್ ಕೈ ಕೆಂಡದಂಗೆ ಸುಡ್ತಾ ಐತಲ್ಲೇ." ಅವಳು ಹೋಲಿಸಿ ನೋಡಿದ ಪಕ್ಕದ ಆಕಾಶವೇ ಖಾಲಿಯಿರಲಿಲ್ಲ.

ಹೊರಗೆ ಸವಳಂಗದ ಬಸ್ಸು ಹಾರ್ನ್ ಹೊಡೆಯಿತು. ಸೆರಗು ಇನ್ನೂ ಅತ್ತೆಯ ಮುಷ್ಟಿಯಲ್ಲೇ ಇತ್ತು.