ಇದ್ದದ್ದು ಇದ್ದ ಹಾಗೆ

ರಾಗಿ ಕಣದ ಕೆಲಸ ಜೋರಾಗಿದ್ದ ದಿನಗಳು. ಸುತ್ತಲಿನ ಹೊಲಗಳಲ್ಲಿ ಮೆದೆಗಳು ಎದ್ದಿದ್ದವು. ಚನ್ನರಾಯಪಟ್ಟಣದ ರಸ್ತೆ ಪಕ್ಕದ ಈ ಐದು ಎಕರೆಯಲ್ಲಿ ಮಾತ್ರ ಹುಲ್ಲಿನ ಬದಲು ಕಬ್ಬಿಣದ ಸರಳುಗಳ ರಾಶಿ. ಶೀಟಿನ ಆಫೀಸಿನೊಳಗೆ ಪರಮೇಶ್ ನಕ್ಷೆಯ ಮೇಲೆ ಬೆರಳಿಟ್ಟು ಎಣಿಸುತ್ತಿದ್ದ. ಐದು, ಆರು, ಏಳು. ಮತ್ತೆ ಮೊದಲಿನಿಂದ ಎಣಿಸಿದ. ಏಳೇ.

“ಏನ್ರೀ ಇದು ಪೃಥ್ವಿರಾಜ್? ಒಂದು ಹಿತ್ತಿಲಿಗೆ ಏಳು ಬೋರಾ?”

“ಇದ್ದಿದ್ದನ್ನ ಬರ್ದಿದೀವಿ ಸಾರ್.”

ಪರಮೇಶನಿಗೆ ಹಾಸನದಲ್ಲಿ ಪಂಪು, ಪೈಪುಗಳ ಅಂಗಡಿ. ಪಟ್ಟಣದ ಮಕ್ಕಳು ಟಿಕೆಟ್ಟು ಕೊಂಡು ಬಂದು, ಒಂದು ದಿನ ಹಳ್ಳಿಮನೆಯಲ್ಲಿ ಆಡಿ ಉಂಡು ಹೋಗುವಂಥ ಪಾರ್ಕು ಕಟ್ಟಬೇಕೆಂಬುದು ಅವನ ಹತ್ತು ವರ್ಷದ ಆಸೆ. ಯಾವ ಮನೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಕಟ್ಟಾಯದಲ್ಲಿ ಸೋದರತ್ತೆ ಗಂಗಾಂಬಿಕೆಯ ಹೆಂಚಿನ ಮನೆ. ತಾಯಿ ತೀರಿಕೊಂಡ ಮೇಲೆ ಅವನು ಬೆಳೆದದ್ದು ಅಲ್ಲೇ. ಆ ಅನ್ನದ ಋಣಕ್ಕೆ ಆ ಮನೆಯನ್ನೇ ಇನ್ನೊಮ್ಮೆ ಕಟ್ಟಿ ನಿಲ್ಲಿಸುವುದೆಂದು ತೀರ್ಮಾನಿಸಿದ್ದ.

ವಿನ್ಯಾಸದ ಕೆಲಸವನ್ನು ಅಹಮದಾಬಾದಿನ ಕಂಪನಿಯೊಂದಕ್ಕೆ ಒಪ್ಪಿಸಿದಾಗ ಹೆಂಡತಿ ಪ್ರತಿಭಾ ನಕ್ಕಿದ್ದಳು. “ನಿಮ್ಮತ್ತೆ ಮನೆ ಹೆಂಗಿದೆ ಅಂತ ಹೇಳೋಕೆ ಗುಜರಾತಿನೋರು ಬೇಕಾ?” ಅದಕ್ಕೇ ಅವನು ಕರಾರಿನಲ್ಲಿ ಎರಡು ಷರತ್ತು ಸೇರಿಸಿದ. ಒಂದು, ಇದ್ದದ್ದು ಇದ್ದ ಹಾಗೆ ಬರಬೇಕು. ಒಂದು ಮೊಳೆ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಎರಡು, ಯಾಕೆ ಅಳೆಯುತ್ತಿದ್ದೇವೆಂದು ಮನೆಯವರಿಗೆ ಬಾಯಿ ಬಿಡಬಾರದು. ಗೊತ್ತಾದರೆ ಅತ್ತೆ ಹಳೆಯ ಮೊರ, ಕುಕ್ಕೆಗಳನ್ನೆಲ್ಲ ಅಟ್ಟಕ್ಕೆ ಏರಿಸಿ, ಗೋಡೆಗೆ ಗುಲಾಬಿ ಬಣ್ಣ ಹೊಡೆಸಿ, ಪ್ಲಾಸ್ಟಿಕ್ಕಿನ ತೋರಣ ಕಟ್ಟುವವಳೇ.

ಕಂಪನಿಯ ಮೈಸೂರಿನ ಎಂಜಿನಿಯರ್ ಪೃಥ್ವಿರಾಜ್ ಷರತ್ತನ್ನು ಅಕ್ಷರಶಃ ಪಾಲಿಸಿದ್ದ. ಮೊದಲ ಸಲ ಹೋದಾಗ ಮೂರು ಕಾಲಿನ ಮೇಲೆ ಯಂತ್ರವಿಟ್ಟು, ಅಳತೆಯ ಗುರುತಿಗೆಂದು ಗೋಡೆಗೆ ಕೆಂಪು ಗೀಟೊಂದನ್ನು ಎಳೆದು, ಮುಂಭಾಗ ಮುಗಿಸಿದ. ಯಾರಪ್ಪ ನೀವು ಎಂದು ಅತ್ತೆ ಕೇಳಿದ್ದಕ್ಕೆ, “ಮೇಲಿಂದ ಆರ್ಡರಮ್ಮ” ಎಂದಷ್ಟೇ ಹೇಳಿದ. ಹದಿನೈದು ದಿನ ಬಿಟ್ಟು ಹೋಗಿ ಹಿತ್ತಿಲನ್ನು ಅಳೆದುಕೊಂಡು ಬಂದ.

ಆ ನಡುವೆ ಅತ್ತೆ ಒಮ್ಮೆ ಫೋನು ಮಾಡಿದ್ದಳು. ಅಳೆಯುವವರ ಸುದ್ದಿಯನ್ನೇ ಎತ್ತಲಿಲ್ಲ. ಅವನ ಮಗಳು ಯಶಸ್ವಿನಿಯ ಕೆಮ್ಮು ಹೇಗಿದೆ ಎಂದು ಕೇಳಿದಳು. ಅವರೆಬಳ್ಳಿ ನೆಲಕ್ಕೆ ಬಿದ್ದದೆ, ಚಪ್ಪರಕ್ಕೆ ಹಳೇ ಪೈಪೇನಾದರೂ ಇದ್ದರೆ ಕಳಿಸು, ಕಾಯಿ ಬಿಟ್ಟಾಗ ಒಂದು ಚೀಲ ಕಳಿಸುತ್ತೇನೆ ಎಂದಳು. ಅವನು ಟೆಂಪೋದಲ್ಲಿ ಕಳಿಸಿಕೊಟ್ಟ. ಅತ್ತೆಗೆ ಯಾವ ಸಂಶಯವೂ ಬಂದಿಲ್ಲವೆಂದು ಹಗುರಾದ.

ಈಗ ನೋಡಿದರೆ ಈ ನಕ್ಷೆ.

“ಪಂಪಿನ ವ್ಯಾಪಾರಿ ಕಣ್ರೀ ನಾನು. ನಮ್ಮತ್ತೆ ಏಳು ಬೋರು ಕೊರೆಸಿದ್ರೆ ಏಳು ಪಂಪು ನಾನೇ ಮಾರಿರ್ತಿದ್ದೆ. ಒಂದಾದ್ರೂ ಮಾರಿದೀನಾ? ಹೋಗ್ಲಿ, ಇದು ಕೊಟ್ಟಿಗೆ ತಾನೆ? ಮೇವು ಹಾಕೋ ಗೊಂತಿಲ್ಲ, ಗೂಟ ಇಲ್ಲ. ಹಸು ಒಳಗೆ ಕೂತು ಪೇಪರ್ ಓದುತ್ತಾ?”

“ಅಲ್ಲಿ ಹಸು ಇರ್ಲಿಲ್ಲ ಸಾರ್.”

“ತೆಂಗು ಗೇಣಿಗೊಂದು ಬರೆದಿದೀರಿ. ನಲವತ್ತು.”

“ನಲವತ್ತೆರಡು ಸಾರ್. ಎರಡು ಒರಗಿದ್ವು.”

ಪರಮೇಶ್ ನಕ್ಷೆಯನ್ನು ಸುತ್ತಿದ. ಹಳ್ಳಿಯನ್ನೇ ಕಾಣದ ಯಾರೋ ಎಸಿ ರೂಮಿನಲ್ಲಿ ಕೂತು ಗೀಚಿದ್ದಾರೆ. ಹೊರಗಿನವರಿಗೆ ಕೊಟ್ಟರೆ ಆಗುವುದೇ ಇಷ್ಟು. ಸೋಮವಾರ ಪಾಯ ತೆಗೆಯಬೇಕು. ಇದನ್ನೇ ಕಟ್ಟಿದರೆ ತಾನು ಬೆಳೆದ ಮನೆ ಊರಿನ ಮುಂದೆ ನಗೆಪಾಟಲು.

“ಕೊನೇ ಕಂತು ಕೊಡಲ್ಲ” ಎಂದ.

“ಒಂದ್ಸಲ ನೋಡ್ಕೊಂಡು ಬರೋಣ ಸಾರ್. ಒಂದೇ ಒಂದು ಹೆಚ್ಚುಕಮ್ಮಿ ಇದ್ರೂ ದುಡ್ಡು ಬೇಡ.”

ಕಟ್ಟಾಯದ ಟೀ ಅಂಗಡಿಯ ಮುಂದೆ ಕಾರು ನಿಧಾನಿಸಿತು. ಪೃಥ್ವಿರಾಜನ ಮುಖ ಕಂಡು ಬೆಂಚಿನ ಮೇಲಿದ್ದ ಮುದುಕನೊಬ್ಬ ಎದ್ದು ಬಂದ. “ನಮ್ಮನೆ ಕಡೀಕೆ ಯಾವಾಗ ಬತ್ತೀರಾ ಸಾ? ನಾವೂ ಎಲ್ಲಾ ರೆಡಿ ಮಾಡ್ಕಂಡು ಕುಂತಿದೀವಿ.” ಪರಮೇಶನಿಗೆ ತಲೆಬುಡ ತಿಳಿಯಲಿಲ್ಲ.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪೃಥ್ವಿರಾಜನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು. ಪರಮೇಶ್ ನೆಟ್ಟಗೆ ಹಿತ್ತಿಲಿಗೆ ನಡೆದ. ಅವನು ಜಗಲಿ ದಾಟಿ ಒಳಗೆ ಹೋಗಿ ಎಷ್ಟೋ ವರ್ಷವಾಗಿತ್ತು; ಬಂದಾಗಲೆಲ್ಲ ಅಲ್ಲೇ ಕಾಫಿ ಕುಡಿದು ಹೊರಡುವುದೇ ರೂಢಿ.

ಗೊಂತಿಲ್ಲದ ಕೊಟ್ಟಿಗೆ ಇತ್ತು. ಗೇಣಿಗೊಂದು ತೆಂಗಿನ ಸಸಿ ಇತ್ತು. ಎರಡು ಒರಗಿದ್ದವು. ಆಚೆಗೆ ಸಾಲಾಗಿ ಏಳು ಪೈಪುಗಳು, ಮೊಳದೆತ್ತರ, ಬಾಯಿಗೆ ಮುಚ್ಚಳ ಹಾಕಿಕೊಂಡು ನಿಂತಿದ್ದವು. ಪರಮೇಶ್ ಒಂದನ್ನು ಹಿಡಿದು ಅಲುಗಿಸಿದ. ಸಡಿಲ ಮಣ್ಣಿನ ಮೂಲಂಗಿಯಂತೆ ಕೈಗೇ ಬಂತು.

ಪೃಥ್ವಿರಾಜ್ ಬ್ಯಾಗಿನಿಂದ ಬಿಲ್ಲು ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟ. ಇದ್ದದ್ದು ಇದ್ದ ಹಾಗೇ ಇತ್ತು. ಪರಮೇಶ್ ಚೆಕ್ಕು ಬರೆದುಕೊಟ್ಟ.

“ಅತ್ತೆ, ಏನಿದೆಲ್ಲ?”

ಅತ್ತೆ ಅವನ ತೋಳು ಹಿಡಿದು ಕೊಟ್ಟಿಗೆಯ ಮರೆಗೆ ಎಳೆದುಕೊಂಡಳು. “ಮೆತ್ತಗೆ ಮಾತಾಡ್ಲಾ, ಆ ರೋಡಿನ ಸಾಯೇಬ್ರಿಗೆ ಕೇಳಿಸೀತು. ಅವತ್ತು ಗ್ವಾಡೆಗೆ ಕೆಂಪು ಗೀಟು ಎಳ್ದಾಗ್ಲೇ ತಿಳೀತು, ದೊಡ್ಡ ರೋಡಿಗೆ ಮನೆ ಓಯ್ತದೆ ಅಂತ. ಮನೆ ಅಂತೂ ಉಳಿಯಾಕಿಲ್ಲ, ಪರಿಹಾರನಾರ ಚೆಂದಾಗ್ ಬರ್ಲಿ. ಬೋರಿಗೆ ಬ್ಯಾರೆ, ತೆಂಗಿಗೆ ಬ್ಯಾರೆ, ಕೊಟ್ಟಿಗೆಗೆ ಬ್ಯಾರೆ ಕೊಡ್ತಾರಂತೆ.”

ಸಾಲಿನಲ್ಲಿ ಒಂದು ಪೈಪು ಕಿತ್ತು ಬಿದ್ದಿದ್ದನ್ನು ನೋಡಿ, ಓಡಿಹೋಗಿ ಅದನ್ನು ಮತ್ತೆ ನೆಟ್ಟು, ಕಾಲಿನಿಂದ ಮಣ್ಣು ಮೆಟ್ಟುತ್ತ ಅಂದಳು:

“ನೀನೇ ಜುಗ್ಗತನ ಮಾಡ್ಬುಟ್ಟೆ ಕಣ್ಲಾ. ಚಪ್ಪರಕ್ಕೆ ಅಂದ್ರೆ ಏಳೇ ಪೈಪು ಕಳ್ಸಿದ್ದೆ. ಇನ್ನೈದು ಕಳ್ಸಿದ್ರೆ ಇನ್ನೈದು ಬೋರಾಗಿರೋವು.”