ವಿಡಿಯೋ ಬೇಡ ಮಗಳೇ

"ಅಮ್ಮಂಗೆ ಮಾತಾಡೋಕೆ ಆಗದಿದ್ರೆ ಬೇಡ, ವಿಡಿಯೋ ಹಾಕಿ ಮುಖನಾದ್ರೂ ತೋರ್ಸಪ್ಪಾ," ಎಂದು ಮಗಳು ಫೋನಿನಲ್ಲಿ ಹಟ ಹಿಡಿದಳು.

"ಪರದೇಶ ಕಣಮ್ಮ. ವಿಡಿಯೋ ಹಾಕಿದ್ರೆ ಡೇಟಾ ನೀರಿನ ಹಾಗೆ ಹರಿದುಹೋಗುತ್ತೆ," ಎಂದ ಟೈಲರ್ ಅಪ್ಪ, ಎಂದಿನಂತೆ.

"ನಿನ್ನ ಫೋನಿಗೆ ಈಗಷ್ಟೇ ದೊಡ್ಡ ಪ್ಯಾಕ್ ಹಾಕ್ಸಿದೀನಿ. ಇನ್ನೇನು ನೆಪ ಹೇಳ್ತೀಯ?"

ಟೈಲರ್ ಮಂಚದತ್ತ ತಿರುಗಿದ. ದವಡೆಯ ಗಡ್ಡೆ ತೆಗೆಸಲೆಂದು ಹೆಂಡತಿಯನ್ನು ಈ ದೂರದ ಆಸ್ಪತ್ರೆಗೆ ಕರೆತಂದಿದ್ದ. ಗಡ್ಡೆಯ ಜೊತೆ ಅರ್ಧ ಮುಖವೂ ಹೋಗಿತ್ತು. ಮಗಳಿಗೆ ತೋರಿಸಕೂಡದೆಂದು ಕೈಸನ್ನೆಯಲ್ಲೇ ಅವನಿಂದ ಆಣೆ ಮಾಡಿಸಿಕೊಂಡಿದ್ದವಳು ಈಗ ತಾನೇ ಫೋನ್ ಕಿತ್ತುಕೊಂಡಳು. ಮುಖದ ಮೇಲಿನ ಶಾಲು ಸರಿಸಿ, ಕ್ಯಾಮೆರಾ ಒತ್ತಿ, ಉಳಿದ ಅರ್ಧದಲ್ಲೇ ನಗಲು ನೋಡಿದಳು.

ಮಗಳು ಕ್ಷಣಕಾಲ ದಿಟ್ಟಿಸಿದಳು. ಆಮೇಲೆ ಮೆಲ್ಲಗೆ, "ನೀವು ಪಕ್ಕದ ಬೆಡ್ಡಿನವರಾ? ಸ್ವಲ್ಪ ನಮ್ಮಮ್ಮಂಗೆ ಫೋನ್ ಕೊಡ್ತೀರಾ?" ಎಂದಳು.